ಕಣ್ಣೂರಿನ ಕೋಟೆಯ ಮುಂದೆ ಒಂದು ಲೆಕ್ಕ

ಪಾಳುಬಿದ್ದ ಕೋಟೆ ಕಂಡರೆ ಸಾಕು, ನಮ್ಮ ಕವಿಗಳಿಗೆ ಕಣ್ಣು ತುಂಬಿ ಬರುತ್ತದೆ. ಗತವೈಭವ ಅಂತಾರೆ, ಕಾಲನ ಲೀಲೆ ಅಂತಾರೆ. ಊರೊಳಗಿನ ಬಾವಿಯನ್ನೂ ಮುಟ್ಟಗೊಡದ ಜನರ ಮಕ್ಕಳು ನಾವು. ಯಾವ ವೈಭವ ಹೋಯಿತು ಅಂತ ಅಳಬೇಕು? ಹಾಗಂತ ಪರಂಗಿಯವನ ಕೋಟೆ ಬಿತ್ತು ಅಂತ ಕೇಕೆ ಹಾಕಿ ಮನೆಗೆ ಬಂದುಬಿಟ್ಟರೆ ಸಾಕೇ? ಕಣ್ಣೂರಿನ ಸೇಂಟ್ ಆಂಜೆಲೋ ಕೋಟೆಯನ್ನೂ ಅಲ್ಲಿನ ಕಡಲನ್ನೂ ನೋಡಿ ಬಂದ ನಮ್ಮನ್ನು ಕಾಡುತ್ತಿರುವುದು ಈ ಪ್ರಶ್ನೆ: ಹೊರಗಿನವನ ಅನ್ಯಾಯದ ಕಡೆ ಬೆರಳು ತೋರಿಸುತ್ತಾ ಒಳಗಿನವನ ಅನ್ಯಾಯವನ್ನು ಮುಚ್ಚಿಡುವುದು ನ್ಯಾಯವೇ?

ಈ ಕೋಟೆಯನ್ನು 1505ರಲ್ಲಿ ಪೋರ್ಚುಗೀಸರ ವೈಸರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡಾ ಕಟ್ಟಿಸಿದ. ನಮ್ಮ ಕರಾವಳಿಯವರು ಮುರಕಲ್ಲು ಅನ್ನುವ ಕೆಂಪು ಕಲ್ಲಿನ ಗೋಡೆ. ಕಡಲಿಗೆ ಮುಖ ಮಾಡಿ ನಿಂತ ತೋಪುಗಳು. 1663ರಲ್ಲಿ ಡಚ್ಚರು ಕಿತ್ತುಕೊಂಡರು. 1772ರಲ್ಲಿ ಅರಕ್ಕಲ್‌ನ ಅಲಿ ರಾಜನಿಗೆ ಮಾರಿದರು. 1790ರಲ್ಲಿ ಇಂಗ್ಲಿಷರು ಹಿಡಿದರು. ಎಲ್ಲರ ಕಣ್ಣೂ ಮೆಣಸಿನ ಮೇಲೆ, ಹಡಗಿನ ದಾರಿಯ ಮೇಲೆ. ಒಳಗೆ ಕುದುರೆ ಲಾಯ ಇದೆ, ಸೆರೆಮನೆ ಇದೆ. 1745ರಲ್ಲಿ ತೀರಿಕೊಂಡ ಡಚ್ ಕಮಾಂಡರನ ಹೆಂಡತಿ ಸುಸಾನಾಳ ಹೆಸರು ಕೆತ್ತಿದ ಕಲ್ಲಿದೆ. ದೂರದ ನೆಲದಲ್ಲಿ ಸತ್ತ ಆ ಹೆಣ್ಣಿನ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಈ ಕಲ್ಲು ಕಡಿದವರು ಯಾರು, ಹೊತ್ತವರು ಯಾರು? ಅವರಿಗಾಗಿ ಒಂದಕ್ಷರವನ್ನೂ ಯಾರೂ ಕೆತ್ತಲಿಲ್ಲ.

ದುಡಿದವರ ಸುದ್ದಿ ಬೇಕಾದರೆ ಕೋಟೆ ಬಿಟ್ಟು ಗದ್ದೆಗೆ ಇಳಿಯಬೇಕು. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ನೌಕರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಮಲಬಾರಿನಲ್ಲಿ ಗದ್ದೆ ಗೇಯುವ ಗುಲಾಮರನ್ನು ಒಡೆಯರು ಮೂರು ಬಗೆಯಲ್ಲಿ ಕೈ ಬದಲಾಯಿಸುತ್ತಿದ್ದರು ಅಂತ ಬರೆದಿದ್ದಾನೆ: ಜನ್ಮ ಅಂದರೆ ಪೂರಾ ಮಾರಾಟ, ಕಾಣ ಅಂದರೆ ಅಡವು, ಪಾಟ್ಟ ಅಂದರೆ ಬಾಡಿಗೆ. ಹೊಲಕ್ಕೂ ಅದೇ ಮಾತು, ಹೊಲದಲ್ಲಿ ಬೆವರು ಸುರಿಸುವ ಪುಲಯನಿಗೂ ಅದೇ ಮಾತು. ಈ ವ್ಯವಸ್ಥೆಯನ್ನು ಯಾವ ಪರಂಗಿಯವನೂ ಹಡಗಿನಲ್ಲಿ ಹೇರಿಕೊಂಡು ಬರಲಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲೂ ‘ಮೂಲದ ಹೊಲೆಯ’ರು ಒಡೆಯನ ಮಣ್ಣಿಗೆ ಅಂಟಿಕೊಂಡೇ ಹುಟ್ಟಿದರು, ಅಂಟಿಕೊಂಡೇ ಸತ್ತರು.

ಬಂದವನೇನು ಬಿಡಿಸಿದನೇ? ಇಲ್ಲ, ಲಾಭ ಕಂಡ. ಕಣ್ಣೂರಿಗೆ ಹತ್ತಿರದ ಅಂಜರಕಂಡಿಯಲ್ಲಿ ಕಂಪನಿ ಆರಂಭಿಸಿದ ಸಾಂಬಾರ ತೋಟ ಮರ್ಡಕ್ ಬ್ರೌನ್ ಎಂಬ ಬಿಳಿಯನ ಪಾಲಾಯಿತು. 1811-12ರಲ್ಲಿ ಥಾಮಸ್ ಬಾಬರ್ ಎಂಬ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಿದಾಗ, ತಿರುವಾಂಕೂರಿನಿಂದ ಕದ್ದು ತಂದ ಮಕ್ಕಳೂ ಆ ತೋಟದಲ್ಲಿ ಸಿಕ್ಕರು. ಕೊಂಡವನು ಬಿಳಿಯ, ನಿಜ. ಹಿಡಿದು ತಂದುಕೊಟ್ಟವರು? ಈ ನೆಲದವರೇ. 1843ರ ಕಾಯಿದೆ ಗುಲಾಮಗಿರಿಗಿದ್ದ ಕೋರ್ಟಿನ ಮಾನ್ಯತೆಯನ್ನು ಕಿತ್ತುಹಾಕಿತು. ಬಿಡುಗಡೆಯಾದವನ ಕೈಗೆ ಒಂದು ಹಿಡಿ ಮಣ್ಣನ್ನೂ ಕೊಡಲಿಲ್ಲ. ಮತ್ತೆ ಅದೇ ಒಡೆಯನ ಬಾಗಿಲಿಗೇ ಹೋಗಬೇಕು ತಾನೆ?

ಕೋಟೆಯಿಂದ ಒಂದಿಷ್ಟು ದೂರಕ್ಕೆ ಪಯ್ಯಾಂಬಲಂ ಕಡಲತೀರ. ಗಾಳಿ ಚೆನ್ನಾಗಿದೆ, ಮರಳು ಚೆನ್ನಾಗಿದೆ. ಬಡವರ ಮಕ್ಕಳಿಗೆ ಕಡಲು ನೋಡಿ ಖುಷಿಪಡುವ ಹಕ್ಕಿಲ್ಲವೇ? ಇದೆ. ಆ ತೀರದಲ್ಲೇ ‘ಸ್ವದೇಶಾಭಿಮಾನಿ’ ರಾಮಕೃಷ್ಣ ಪಿಳ್ಳೆಯವರ ಸಮಾಧಿ. ದಿವಾನನನ್ನು ಎದುರುಹಾಕಿಕೊಂಡ ಪತ್ರಕರ್ತ. 1910ರಲ್ಲಿ ತಿರುವಾಂಕೂರಿನ ಸರ್ಕಾರ ಪತ್ರಿಕೆಯ ಮುದ್ರಣಾಲಯ ಕಿತ್ತುಕೊಂಡು ಅವರನ್ನು ಗಡಿಪಾರು ಮಾಡಿತು. 1912ರಲ್ಲಿ ಮಲಯಾಳದಲ್ಲಿ ಕಾರ್ಲ್ ಮಾರ್ಕ್ಸ್‌ನ ಜೀವನಚರಿತ್ರೆ ಬರೆದರು. 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಇಷ್ಟು ಕೇಳಿ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಇದೇ ಪಿಳ್ಳೆಯವರು, ಅಯ್ಯಂಕಾಳಿಯವರು ಪುಲಯರ ಮಕ್ಕಳನ್ನು ಶಾಲೆಗೆ ಸೇರಿಸಲು ಹೋರಾಡುತ್ತಿದ್ದ ಹೊತ್ತಿನಲ್ಲಿ, ಆ ಮಕ್ಕಳನ್ನು ಮೇಲ್ಜಾತಿಯ ಮಕ್ಕಳ ಜೊತೆ ಕೂರಿಸುವುದು ಕುದುರೆಯನ್ನೂ ಎಮ್ಮೆಯನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ ಅಂತ ಬರೆದರು. ಮಾರ್ಕ್ಸ್‌ನನ್ನು ಓದಿದ ಕಣ್ಣಿಗೇ ಪುಲಯರ ಮಗು ಎಮ್ಮೆಯಾಗಿ ಕಂಡಿತು!

ಹಾಗಾದರೆ ಆ ಸಮಾಧಿಗೆ ಬೆನ್ನು ತಿರುಗಿಸಬೇಕೇ? ಕೆಲವು ಗೆಳೆಯರು ಹೌದು ಅಂತಾರೆ. ಇನ್ನು ಕೆಲವರು, ಕಾಲವೇ ಹಾಗಿತ್ತು, ಬಿಟ್ಟುಬಿಡಿ ಅಂತಾರೆ. ನಾವು ಎರಡನ್ನೂ ಒಪ್ಪುವುದಿಲ್ಲ. ಅದೇ ಕಾಲದಲ್ಲಿ ಅಯ್ಯಂಕಾಳಿಯವರೂ ಇದ್ದರು. 1907ರಲ್ಲೇ ಸಾಧುಜನ ಪರಿಪಾಲನ ಸಂಘ ಕಟ್ಟಿದ್ದರು. ಕಾಲ ಇಬ್ಬರಿಗೂ ಒಂದೇ. ಬಲಿಷ್ಠನನ್ನು ಎದುರಿಸಿದ ಧೈರ್ಯಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆ ಧೈರ್ಯವೇ ದುರ್ಬಲನ ಮೇಲೆ ತಿರುಗಿಬಿದ್ದದ್ದಕ್ಕೆ ರಿಯಾಯಿತಿ ಬೇಡ. ದಿವಾನನ ಮುಂದೆ ನ್ಯಾಯ ಕೇಳುವುದಕ್ಕಿಂತ ತನ್ನ ಮಗುವಿನ ಪಕ್ಕದ ಮಣೆಯ ಮೇಲೆ ಇನ್ನೊಬ್ಬನ ಮಗುವನ್ನು ಕೂರಿಸುವುದು ಕಷ್ಟ. ಮನುಷ್ಯ ಪರೀಕ್ಷೆಗೆ ನಿಲ್ಲುವುದು ಅಲ್ಲಿ. ನಾಳೆ ನಾವು ನಾಲ್ಕಕ್ಷರ ಕಲಿತು ಕುರ್ಚಿಯಲ್ಲಿ ಕೂತಾಗ, ನಮಗಿಂತ ಕೆಳಗೆ ತಳ್ಳಲ್ಪಟ್ಟವರ ವಿಷಯದಲ್ಲಿ, ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ನಾವೂ ಅದೇ ಪರೀಕ್ಷೆಗೆ ನಿಲ್ಲಬೇಕು.

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳು ಕಡಲಲ್ಲಿ ಆಡಲಿ. ಕೋಟೆ ಕಟ್ಟಿಸಿದವನ ಹೆಸರು, ಇಸವಿ ಬರೆದುಕೊಳ್ಳಲಿ. ಆಮೇಲೆ ಜನ್ಮ, ಕಾಣ, ಪಾಟ್ಟ ಅಂದರೆ ಏನು ಅಂತಲೂ ಹೇಳಿಕೊಡಿ. ಊರಿಗೆ ವಾಪಸು ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನಮ್ಮೂರಿನ ಗುಡಿಯ ಕಲ್ಲು ಹೊತ್ತವರು ಯಾರು, ಇವತ್ತು ಆ ಗುಡಿಯೊಳಗೆ ಹೋಗುವವರು ಯಾರು?