ಬೆಸುಗೆಯ ಅಂತರಂಗ

ತಾನು ಕಲಿತ ವಿದ್ಯೆಯನ್ನು ಪರರಿಗೆ ತಿಳಿಸುವುದು ಪುಣ್ಯಕಾರ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ವಿದ್ಯೆಯ ಯಾವ ಭಾಗವನ್ನು ತಿಳಿಸಬೇಕು? ತಾನು ಗೆದ್ದುದನ್ನು ಮಾತ್ರವೋ, ಸೋತುದನ್ನೂ ಸೇರಿಸಿಯೋ? ಈ ಪ್ರಶ್ನೆ ನನಗೆ ಎದುರಾದುದು ಗ್ರಂಥಗಳ ನಡುವೆ ಅಲ್ಲ, ಕಬ್ಬಿಣವನ್ನು ಬೆಸೆಯುವವರ ಒಂದು ಕೂಟದಲ್ಲಿ. ಆ ಪ್ರಸಂಗವನ್ನು ವಾಚಕರ ಮುಂದಿಟ್ಟು, ಅದರಿಂದ ನನಗೆ ತೋರಿದುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಬೆಂಗಳೂರಿನ ಉತ್ತರ ಭಾಗಕ್ಕೂ ಕಬ್ಬಿಣದ ಕೆಲಸಕ್ಕೂ ನಂಟು ಹಳೆಯದು. 1953ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಯಶವಂತಪುರದಿಂದಾಚೆಗೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಯಲಹಂಕದಲ್ಲಿ 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯಲ್ಲಿ ಗುಜರಿಯ ಉಕ್ಕನ್ನು ವಿದ್ಯುತ್ತಿನ ಕುಲುಮೆಯಲ್ಲಿ ಕರಗಿಸಿ ರೈಲಿನ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಈ ದೊಡ್ಡ ಕಾರ್ಖಾನೆಗಳ ಮಾತು ಹಾಗಿರಲಿ, ಹೆಬ್ಬಾಳ, ಆರ್. ಟಿ. ನಗರಗಳ ಕಡೆಗೆ ಹೋದರೂ ಗೇಟು, ಕಿಟಕಿಯ ಸರಳು, ಮೆಟ್ಟಿಲ ಕೈಪಿಡಿಗಳನ್ನು ಮಾಡಿಕೊಡುವ ಸಣ್ಣ ವೆಲ್ಡಿಂಗ್ ಅಂಗಡಿಗಳನ್ನು ಕಾಣಬಹುದು. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಎಷ್ಟೋ ಜನರಿಗೆ ಆ ನೀಲಿಯ ಬೆಳಕೇ ಅನ್ನ.

ನಮ್ಮ ಪಾಠಶಾಲೆಯಲ್ಲಿ ಓದಿದ ಒಬ್ಬ ಶಿಷ್ಯ ಪೀಣ್ಯದ ಕಡೆ ಈ ಕಾಯಕವನ್ನು ಮಾಡಿಕೊಂಡಿದ್ದಾನೆ. ಒಂದು ಭಾನುವಾರ ಅವನು ಬಂದು, “ಗುರುಗಳೇ, ಯಶವಂತಪುರದ ಹತ್ತಿರ ಒಂದು ಶೆಡ್ಡಿನಲ್ಲಿ ನಾವು ಕೆಲವರು ಸೇರುತ್ತೇವೆ. ಅವರವರು ಮಾಡಿದ್ದನ್ನು ತಂದು ತೋರಿಸುತ್ತಾರೆ. ತಾವೂ ಬಂದು ನೋಡಬೇಕು” ಎಂದು ಕರೆದನು. ಹೋದೆನು. ಅಲ್ಲಿದ್ದವರು ಎರಡು ಬಗೆಯ ಜನ. ಹೊಟ್ಟೆಪಾಡಿಗಾಗಿ ಬೆಸೆಯುವವರು ಕೆಲವರು. ಬೇರೆ ಉದ್ಯೋಗದಲ್ಲಿದ್ದು ಅಥವಾ ನಿವೃತ್ತರಾಗಿ, ಪ್ರೀತಿಗಾಗಿ ಕಲಿತ ಹವ್ಯಾಸಿಗಳು ಕೆಲವರು. ಒಬ್ಬನು ದೀಪದ ಕಂಬ ತಂದಿದ್ದನು. ಒಬ್ಬನು ಗುಜರಿಯ ಸರಪಳಿಯಿಂದ ಮಾಡಿದ ನವಿಲು ತಂದಿದ್ದನು. ಮತ್ತೊಬ್ಬನು ನಡೆಯಲಾರದ ತನ್ನ ತಾಯಿಗಾಗಿ ಮಾಡಿದ ಗಾಲಿಯ ಪೀಠ ತಂದಿದ್ದನು. ಕೂಲಿಗೆ ದುಡಿಯುವವನೂ ಪಿಂಚಣಿ ಪಡೆಯುವವನೂ ಒಂದೇ ಬೆಂಚಿನ ಮೇಲೆ ಕುಳಿತು ಒಬ್ಬನ ಕೆಲಸವನ್ನು ಇನ್ನೊಬ್ಬನು ಮುಟ್ಟಿ ನೋಡುತ್ತಿದ್ದುದು ನನಗೆ ಹಿತವಾಗಿ ಕಂಡಿತು.

ಬೆಸುಗೆಯೆಂದರೆ ಏನೆಂಬುದನ್ನು ನನ್ನ ಶಿಷ್ಯನೇ ತಿಳಿಸಿದನು. ಹಿಂದೆ ಹಳ್ಳಿಯ ಕಮ್ಮಾರನು ತಿದಿಯೊತ್ತಿ, ಎರಡು ತುಂಡುಗಳನ್ನು ಬೆಳ್ಳಗೆ ಕಾಸಿ, ಅಡಿಗಲ್ಲಿನ ಮೇಲೆ ಬಡಿದು ಒಂದು ಮಾಡುತ್ತಿದ್ದನು. ಇಂದು ಕಡ್ಡಿಗೂ ಲೋಹಕ್ಕೂ ನಡುವೆ ವಿದ್ಯುತ್ತು ಕಿಡಿಯಾಗಿ ಹಾಯುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. ಆ ಕಿಡಿಯ ಉಷ್ಣ ಅದಕ್ಕಿಂತ ಎಷ್ಟೋ ಹೆಚ್ಚು. ಕಡ್ಡಿಯ ಮೇಲಿನ ಲೇಪ ಉರಿದು ಅನಿಲವಾಗಿ, ಕರಗಿದ ಲೋಹಕ್ಕೆ ಗಾಳಿ ಸೋಕದಂತೆ ಕಾಯುತ್ತದೆ. ಉಳಿದುದು ಕಿಟ್ಟವಾಗಿ ಮೇಲೆ ನಿಲ್ಲುತ್ತದೆ. ಇಂಥ ಲೇಪದ ಕಡ್ಡಿಯನ್ನು 20ನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದವನು ಸ್ವೀಡನ್ ದೇಶದ ಆಸ್ಕರ್ ಶೆಲ್‌ಬರ್ಗ್ ಎಂಬಾತ. ಮುಖ್ಯವಾದ ಮಾತೆಂದರೆ, ಎರಡು ಅಂಚುಗಳೂ ತಾವು ಕರಗಬೇಕು. ಕರಗಿ ಕಡ್ಡಿಯ ಲೋಹದೊಡನೆ ಬೆರೆಯಬೇಕು. ತುಕ್ಕನ್ನು ಕೆರೆಯದಿದ್ದರೆ, ವಿದ್ಯುತ್ತು ಸಾಲದಾದರೆ, ಕೈ ಅವಸರಪಟ್ಟರೆ, ಕಡ್ಡಿಯ ಲೋಹ ಮೇಲೆ ಮಲಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಕಿಟ್ಟವೂ ಒಳಗೇ ಸಿಕ್ಕಿಕೊಳ್ಳಬಹುದು. ಅದನ್ನು ಗ್ರೈಂಡರಿನಿಂದ ನುಣುಪು ಮಾಡಿ ಬಣ್ಣ ಬಳಿದರೆ ಒಳ್ಳೆಯ ಬೆಸುಗೆಗೂ ಕೆಟ್ಟ ಬೆಸುಗೆಗೂ ಕಣ್ಣಿಗೆ ಭೇದವಿಲ್ಲ. ಭಾರ ಬಿದ್ದ ದಿನವೇ ಭೇದ ತಿಳಿಯುವುದು.

ಅಂದು ಯಲಹಂಕದ ಒಬ್ಬ ನಿವೃತ್ತ ಅಧಿಕಾರಿಗಳು ಮೊಮ್ಮಗಳಿಗಾಗಿ ಮಾಡಿದ ಜೋಕಾಲಿಯ ಚೌಕಟ್ಟನ್ನು ತಂದಿದ್ದರು. ಬೆಸುಗೆಯ ಗೆರೆ ಹೆಣೆದ ಜಡೆಯಂತೆ ಒಪ್ಪವಾಗಿತ್ತು. ಎಲ್ಲರೂ ಹೊಗಳಿದರು, ಏನೂ ತಿಳಿಯದ ನಾನೂ ಹೊಗಳಿದೆನು. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದ ಹಿರಿಯರೊಬ್ಬರು ಮಾತ್ರ ಸುಮ್ಮನಿದ್ದು, ಕೊನೆಗೆ, “ಸ್ವಾಮಿ, ಇದೇ ಕಡ್ಡಿಯಲ್ಲಿ, ಇಂಥದೇ ಎರಡು ತುಂಡಿಗೆ ಇನ್ನೊಂದು ಬೆಸುಗೆ ಹಾಕಿ ಕೊಡುತ್ತೀರಾ?” ಎಂದರು. ಅವರು ಹಾಕಿಕೊಟ್ಟರು. ಹಿರಿಯರು ಆ ಬೆಸುಗೆಯನ್ನು ಗರಗಸದಿಂದ ಸ್ವಲ್ಪ ಕಚ್ಚು ಮಾಡಿ, ತುಂಡನ್ನು ಹಿಡಿಕೆಯಲ್ಲಿ ಬಿಗಿದು, ಸುತ್ತಿಗೆಯಿಂದ ಹೊಡೆದರು. ಬೆಸುಗೆ ಎರಡಾಯಿತು. ಒಳಗೆ ಒಂದು ಅಂಚು ಕತ್ತರಿಸಿದಾಗ ಹೇಗಿತ್ತೋ ಹಾಗೆಯೇ ನೇರವಾಗಿ, ಕರಗದೆ ಉಳಿದಿತ್ತು. ಅದರ ಪಕ್ಕದಲ್ಲಿ ಕಿಟ್ಟದ ಕರಿಯ ಗೆರೆ.

ಅಧಿಕಾರಿಗಳ ಮುಖ ಬಾಡಿತು. ಯಾರೂ ಮಾತನಾಡಲಿಲ್ಲ. ಆಗ ಆ ಹಿರಿಯರು ಹೇಳಿದರು: “ನಾಚಿಕೆ ಪಡಬೇಡಿ ಸ್ವಾಮಿ. ನಿಮ್ಮದು ಇಲ್ಲಿ ಮುರಿಯಿತು. ನನ್ನದು ಒಬ್ಬರ ಮನೆಯಲ್ಲಿ ಮುರಿಯಿತು. ಗೃಹಪ್ರವೇಶದ ಹಿಂದಿನ ಸಂಜೆ ಅವಸರದಲ್ಲಿ ಮೆಟ್ಟಿಲಿನ ಕೈಪಿಡಿಯನ್ನು ತುಕ್ಕಿನ ಮೇಲೆಯೇ ಬೆಸೆದು ಬಣ್ಣ ಬಳಿದೆ. ಕೆಲವು ತಿಂಗಳಾದ ಮೇಲೆ ಅದು ಕಿತ್ತುಬಂದು ಒಬ್ಬ ಹುಡುಗನ ಕೈ ಮುರಿಯಿತು. ಮನೆಯವರು ಮಳೆಗೆ ತುಕ್ಕು ಹಿಡಿಯಿತು ಎಂದುಕೊಂಡರು. ನಾನು ಹಾಗಲ್ಲ ಎನ್ನಲಿಲ್ಲ. ಈವರೆಗೆ ಯಾರಿಗೂ ಹೇಳಿಲ್ಲ.” ಅನಂತರ ಇನ್ನೊಬ್ಬನು ತನ್ನ ತಪ್ಪನ್ನು ಹೇಳಿದನು; ಆಮೇಲೆ ಮತ್ತೊಬ್ಬನು. ತಂದಿದ್ದ ನವಿಲನ್ನೂ ದೀಪದ ಕಂಬವನ್ನೂ ಎಲ್ಲರೂ ಮರೆತರು. ನಾನು ಅಲ್ಲಿ ಏನಾದರೂ ಕಲಿತುದಾದರೆ ಆ ಒಂದು ಗಳಿಗೆಯಲ್ಲಿ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ; ಅವನ್ನು ಪರಿಹರಿಸದೆ ಮುಂದುವರಿಯುವುದು ಉಚಿತವಲ್ಲ.

ಮೊದಲನೆಯದು: ಕೆಲಸದಿಂದಲೇ ಬದುಕುವವನು ತನ್ನ ಒಳಗುಟ್ಟನ್ನೆಲ್ಲ ಹವ್ಯಾಸಿಗೆ ಹೇಳಿಕೊಟ್ಟರೆ ಅವನ ಅನ್ನಕ್ಕೆ ಕುಂದಾಗದೆ? ಕೊಟ್ಟಷ್ಟೂ ವಿದ್ಯೆ ಹೆಚ್ಚುತ್ತದೆಂದು ಸಮಾಧಾನ ಹೇಳುವುದು ತಿಂಗಳ ಸಂಬಳ ಬರುವ ನನ್ನಂಥವನಿಗೆ ಸುಲಭ. ಅಂಗಡಿಯ ಬಾಡಿಗೆ ಕಟ್ಟಬೇಕಾದವನಿಗೆ ಅದು ಸಾಲದು. ಆದುದರಿಂದ ಗುಟ್ಟಿನಲ್ಲಿ ಎರಡು ಬಗೆಯೆಂದು ತಿಳಿಯಬೇಕು: ಒಂದು ಜೀವಿಕೆಯ ಗುಟ್ಟು, ಇನ್ನೊಂದು ಜೀವದ ಗುಟ್ಟು. ತನ್ನ ವಿನ್ಯಾಸ, ಬೇಗ ಮುಗಿಸುವ ಉಪಾಯ, ಸರಕನ್ನು ಅಗ್ಗವಾಗಿ ಕೊಳ್ಳುವ ಜಾಗ, ಇವು ಮೊದಲನೆಯ ಬಗೆ. ಇವನ್ನು ಹೇಳುವುದೂ ಬಿಡುವುದೂ ಅವನ ಇಷ್ಟ, ಹೇಳದಿದ್ದರೆ ದೋಷವಿಲ್ಲ. ಸತು ಲೇಪಿಸಿದ ಕೊಳವೆಯನ್ನು ಹಾಗೆಯೇ ಬೆಸೆದರೆ ಅದರ ಹೊಗೆಯಿಂದ ಚಳಿಜ್ವರ ಬರುವುದು, ಮುಖಕ್ಕೆ ಪರದೆಯಿಲ್ಲದೆ ನೋಡಿದರೆ ಕಣ್ಣು ಬೇಯುವುದು, ಕೆಲವು ಕಡ್ಡಿಗಳಿಗೆ ತೇವ ತಗುಲಿದರೆ ಬೆಸುಗೆ ಆರಿ ಗಂಟೆಗಳು ಕಳೆದಮೇಲೂ ಒಳಗೆ ಬಿರುಕು ಬಿಡುವುದು, ಇವು ಎರಡನೆಯ ಬಗೆ. ಇವನ್ನು ಬಲ್ಲವನು ಮರೆಮಾಡಿದರೆ ಅವನು ಉಳಿಸಿಕೊಂಡುದು ತನ್ನ ಅನ್ನವನ್ನಲ್ಲ, ಪರರ ನೋವನ್ನು.

ಎರಡನೆಯದು: ಹವ್ಯಾಸಿಯದು ಕಾಯಕವೇ ಅಲ್ಲ, ಅದು ವಿನೋದ, ಅವನಿಗೆ ಇಷ್ಟು ಕಟ್ಟುನಿಟ್ಟೇಕೆ? ಕೂಲಿಯಿಲ್ಲದ ಮಾತ್ರಕ್ಕೆ ಕೆಲಸ ಕಾಯಕವಲ್ಲವೆನ್ನಲು ನನಗೆ ಮನಸ್ಸಿಲ್ಲ; ತಾಯಿಯ ಗಾಲಿಪೀಠವನ್ನು ಮಾಡಿದವನಿಗೆ ಯಾರು ಕೂಲಿ ಕೊಟ್ಟರು? ಕಾಯಕವೆನಿಸುವುದು ಸಂಬಳದಿಂದಲ್ಲ, ಹೊಣೆಯಿಂದ. ಜೋಕಾಲಿಯ ಕಬ್ಬಿಣಕ್ಕೆ ತನ್ನನ್ನು ಬೆಸೆದ ಕೈ ಹವ್ಯಾಸಿಯದೋ ವೃತ್ತಿಯವನದೋ ತಿಳಿಯದು. ಕೂಸಿನ ಭಾರ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. “ನಾನು ಸಂತೋಷಕ್ಕೆ ಮಾಡುವವನು” ಎಂಬ ಮಾತು ಗೋಡೆಗೆ ತೂಗುಹಾಕುವ ನವಿಲಿಗೆ ಸಲ್ಲಬಹುದು. ಇನ್ನೊಬ್ಬರು ಮೈಯೂರುವ ವಸ್ತುವಿಗೆ ಸಲ್ಲದು.

ಮೂರನೆಯದು: ಹತ್ತು ಜನರೆದುರಿಗೆ ಒಬ್ಬನ ಕೆಲಸವನ್ನು ಒಡೆದು ತೋರಿಸುವುದು ಕ್ರೌರ್ಯವಲ್ಲವೆ? ಪ್ರೀತಿಯಿಂದ ಎರಡು ಒಳ್ಳೆಯ ಮಾತು ಹೇಳಿದ್ದರೆ ಸಾಲದೆ? ಶೂನ್ಯಸಂಪಾದನೆಯನ್ನು ಓದಿದವರಿಗೆ ಉತ್ತರ ಹೊಳೆಯದಿರದು. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಹೊಗಳಲೆಂದು ಹೋಗಲಿಲ್ಲ, ಪರೀಕ್ಷಿಸಲೆಂದು ಹೋದನು. ಲೋಕೋಪಕಾರದ ಕೆಲಸವೂ ಪ್ರಶ್ನೆಗೆ ಹೊರತಾಗಲಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯನ್ನೂ ನೆನೆಯಬಹುದು. ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಕಂಡು ಲಕ್ಕಮ್ಮ, ತಂದಲ್ಲಿಗೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಕೆಲಸಕ್ಕೆ ಮೀರಿ ಬಂದ ಹೊಗಳಿಕೆಯೂ ಅಂಥ ಅಕ್ಕಿಯೇ ಸರಿ, ಮನೆಯೊಳಗೆ ಇಟ್ಟುಕೊಳ್ಳತಕ್ಕದ್ದಲ್ಲ. ಆದರೆ ಒಂದು ನಿಬಂಧನೆಯುಂಟು. ಪರರ ಬೆಸುಗೆಯನ್ನು ಒಡೆಯುವವನು ತನ್ನದನ್ನೂ ಒಡೆದು ತೋರಿಸಬೇಕು. ಆ ಹಿರಿಯರು ಸುತ್ತಿಗೆಯನ್ನಷ್ಟೇ ಎತ್ತಿ ಕುಳಿತಿದ್ದರೆ ಅದು ಕ್ರೌರ್ಯವೇ ಆಗುತ್ತಿತ್ತು. ಅವರು ತಮ್ಮ ಮೂವತ್ತು ವರ್ಷದ ಹೆಸರನ್ನೇ ಹಿಡಿಕೆಯಲ್ಲಿ ಬಿಗಿದು ಹೊಡೆದರು. ಆದುದರಿಂದ ಅದು ದಾಸೋಹವಾಯಿತು.

ಇಂಥ ಕೂಟಗಳಲ್ಲಿ ಸತ್ಯವೇಕೆ ಇಷ್ಟು ಅಗತ್ಯವೆಂಬುದಕ್ಕೆ ಕಬ್ಬಿಣದ ಚರಿತ್ರೆಯಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಹಡಗಿನ ತಗಡುಗಳನ್ನು ಮೊಳೆಹೊಡೆದು ಜೋಡಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಬೆಸೆದು, ಬಹು ಶೀಘ್ರವಾಗಿ ಸಾವಿರಾರು ಹಡಗುಗಳನ್ನು ಕಟ್ಟಿದರು. 1943ನೆಯ ಜನವರಿಯಲ್ಲಿ ಓರೆಗಾನ್ ಸಂಸ್ಥಾನದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟೆಡಿ ಎಂಬ ಹೊಸ ಎಣ್ಣೆಯ ಹಡಗು, ಬಿರುಗಾಳಿಯಿಲ್ಲ, ಯುದ್ಧವಿಲ್ಲ, ಕಟ್ಟೆಗೆ ಕಟ್ಟಿ ನಿಂತಿದ್ದ ಹಾಗೆಯೇ ನಡುವೆ ಬಿರಿದು ಹೆಚ್ಚುಕಡಮೆ ಎರಡಾಯಿತು. ಚಳಿಯಲ್ಲಿ ಪೆಡಸಾಗುವ ಉಕ್ಕು, ಬೆಸುಗೆಯ ದೋಷ, ಮೂಲೆಗಳಲ್ಲಿ ಕೂಡಿಕೊಂಡ ಸೆಳೆತ, ಇವೆಲ್ಲ ಸೇರಿ ಅಂಥ ಹಡಗುಗಳನ್ನು ಕೆಡಿಸಿದುವು. ಮೊಳೆ ಹೊಡೆದ ಹಡಗಿನಲ್ಲಿ ಒಂದು ತಗಡಿನ ಬಿರುಕು ಸಾಮಾನ್ಯವಾಗಿ ಆ ತಗಡಿನ ಅಂಚಿಗೆ ನಿಲ್ಲುತ್ತದೆ. ಬೆಸೆದ ಹಡಗಿನಲ್ಲಿ ತಗಡುಗಳೆಲ್ಲ ಒಂದೇ ಒಡಲಾಗಿರುವುದರಿಂದ ಬಿರುಕಿಗೆ ತಡೆಯಿಲ್ಲ. ಅದಕ್ಕಾಗಿ ಮುಂದೆ ಅಲ್ಲಲ್ಲಿ ಮೊಳೆ ಹೊಡೆದ ಪಟ್ಟಿಗಳನ್ನು ಸೇರಿಸಿದರು, ಬಿರುಕು ಅಲ್ಲಿಗೆ ಬಂದು ನಿಲ್ಲಲೆಂದು.

ಮನುಷ್ಯರ ಕೂಟವೂ ಹೀಗೆಯೇ. ಬೇರೆಬೇರೆಯಾಗಿದ್ದಾಗ ಒಬ್ಬನ ತಪ್ಪು ಅವನಲ್ಲೇ ಉಳಿಯುತ್ತದೆ. ಸ್ನೇಹದಿಂದ ಬೆಸೆದುಕೊಂಡು ಒಬ್ಬರಿಂದೊಬ್ಬರು ಕಲಿಯತೊಡಗಿದಾಗ ಒಳ್ಳೆಯದು ಹರಡುವ ದಾರಿಯಲ್ಲೇ ತಪ್ಪೂ ಹರಡುತ್ತದೆ. ಅಂದು ಜೋಕಾಲಿಯನ್ನು ಎಲ್ಲರೂ ಹೊಗಳಿ ಕಳುಹಿಸಿದ್ದರೆ, ಅದನ್ನು ನೋಡಿ ಇನ್ನು ನಾಲ್ವರು ಹಾಗೆಯೇ ಬೆಸೆಯುತ್ತಿದ್ದರು. ಬಲ್ಲವನ ಒಂದು ಪ್ರಶ್ನೆ ಆ ಮೊಳೆ ಹೊಡೆದ ಪಟ್ಟಿಯಂತೆ ನಡುವೆ ನಿಂತಿತು.

ನಮ್ಮ ಶಾಸ್ತ್ರದಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದುಂಟು. ಒಂದು ಅಗುಳನ್ನು ಹಿಸುಕಿದರೆ ಪಾತ್ರೆಯ ಅನ್ನವೆಲ್ಲ ಬೆಂದುದು ತಿಳಿಯುತ್ತದೆ. ಪರೀಕ್ಷೆಗೆಂದು ಒಡೆದ ತುಂಡು ಆ ಅಗುಳಿನಂತೆ. ಆದರೆ ಅನ್ನ ಒಂದೇ ಬೆಂಕಿಯಲ್ಲಿ ಒಟ್ಟಿಗೆ ಬೇಯುತ್ತದೆ. ಬೆಸುಗೆಗಳು ಬೇರೆಬೇರೆ ದಿನ, ಬೇರೆಬೇರೆ ಮನಃಸ್ಥಿತಿಯಲ್ಲಿ ಆಗುತ್ತವೆ. ದೊಡ್ಡ ಸೇತುವೆಗಳ ಬೆಸುಗೆಯನ್ನು ಕ್ಷಕಿರಣದಿಂದ ನೋಡುವ ಉಪಾಯಗಳಿವೆ. ಮನೆಯ ಮೆಟ್ಟಿಲಿನ ಕೈಪಿಡಿಯನ್ನು ಹಾಗೆ ನೋಡುವವರಾರು? ಒಡೆದು ನೋಡಿದ ತುಂಡಿಗೂ ಒಡೆಯಲಾಗದ ಕೈಪಿಡಿಗೂ ನಡುವೆ ಸಾಕ್ಷಿಯಾಗಿ ಇರುವುದು ಮಾಡಿದವನ ಮನಸ್ಸೊಂದೇ. ಅಂತರಂಗ ಬಹಿರಂಗಗಳು ಒಂದಾಗಬೇಕೆಂದು ಶರಣರು ಸಾರಿದುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ನಾನು ಕಂಡಿಲ್ಲ.

ಆ ಹಿರಿಯರ ತಪ್ಪು ಅಲ್ಲಿ ಹೇಳಿಕೊಂಡುದರಿಂದಲೇ ಕಳೆಯಿತೆಂದು ನಾನು ಹೇಳಲಾರೆ. ಕೈ ಮುರಿದುಕೊಂಡ ಹುಡುಗನಿಗೂ ಅವನ ಮನೆಯವರಿಗೂ ಆ ಮಾತು ಇನ್ನೂ ಮುಟ್ಟಿಲ್ಲ. ಗೆಳೆಯರೆದುರು ಒಪ್ಪಿಕೊಳ್ಳುವುದು ಮೊದಲ ಮೆಟ್ಟಿಲು. ನೊಂದವರೆದುರು ಒಪ್ಪಿಕೊಳ್ಳುವುದು ಕೊನೆಯದು. ಅವರಿಗೆ ಇದನ್ನು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆನು. ಕಾರಣವನ್ನೂ ಹೇಳಿಬಿಡುತ್ತೇನೆ.

ಬಹು ವರ್ಷ ಒಂದು ಶ್ಲೋಕದ ಅನ್ವಯವನ್ನು ನಾನು ತಪ್ಪಾಗಿ ಪಾಠ ಹೇಳುತ್ತಿದ್ದೆನು. ಒಂದು ದಿನ ವ್ಯಾಖ್ಯಾನವನ್ನು ನೋಡುವಾಗ ತಪ್ಪು ತಿಳಿಯಿತು. ಮರುವರ್ಷದಿಂದ ಸರಿಯಾಗಿ ಹೇಳತೊಡಗಿದೆನು. ಹಿಂದಿನ ಶಿಷ್ಯರಿಗೆ ಮಾತ್ರ ತಿಳಿಸಲಿಲ್ಲ. ತುಕ್ಕಿನ ಮೇಲೆ ಬೆಸೆದು ಬಣ್ಣ ಬಳಿದಂತೆಯೇ ಅದು. ನನ್ನನ್ನು ಕರೆದುಕೊಂಡು ಹೋಗಿದ್ದ ಶಿಷ್ಯನೂ ಆ ಹಿಂದಿನವರಲ್ಲಿ ಒಬ್ಬ. ಮರಳಿ ಬರುವಾಗ ದಾರಿಯಲ್ಲಿ ಅವನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗುರುಗಳೇ, ಆ ಶ್ಲೋಕವನ್ನು ನನ್ನ ಮಗಳಿಗೆ ಹೇಳಿಕೊಟ್ಟಿದ್ದೇನೆ. ಈಗಲೇ ಸರಿಯಾದ ಅರ್ಥ ಹೇಳಿ, ಇವತ್ತೇ ತಿದ್ದುತ್ತೇನೆ” ಎಂದನು. ಹೇಳಿದೆನು. ಉಳಿದ ಶಿಷ್ಯರಿಗೆ ಒಬ್ಬೊಬ್ಬರಿಗೂ ಕಾಗದ ಬರೆಯುತ್ತಿದ್ದೇನೆ.

ಜೋಕಾಲಿಯನ್ನು ಅಧಿಕಾರಿಗಳು ಮನೆಯಲ್ಲಿ ಕಟ್ಟದೆ ಮರಳಿ ಶೆಡ್ಡಿಗೇ ತಂದರೆಂದೂ, ಹಳೆಯ ಬೆಸುಗೆಯನ್ನೆಲ್ಲ ಕೊರೆದು ತೆಗೆದು ತಮ್ಮ ಕೈಯಿಂದಲೇ ಹೊಸದಾಗಿ ಹಾಕಿದರೆಂದೂ, ಅಷ್ಟು ಹೊತ್ತೂ ಆ ಹಿರಿಯರು ಪಕ್ಕದಲ್ಲೇ ನಿಂತಿದ್ದರೆಂದೂ ಅನಂತರ ಕೇಳಿದೆನು.