ಸ್ಫೂರ್ತಿಯ ಋಣ

ಕಳೆದ ಶ್ರಾವಣದ ಒಂದು ಸಾಯಂಕಾಲ, ಬೆಳಗಾವಿಯ ಜಡಿಮಳೆಯು ಹೊರಗೆ ಹಟ ಹಿಡಿದು ಸುರಿಯುತ್ತಿರುವಾಗ, ಪದವಿಪೂರ್ವ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ತನ್ನ ಟ್ಯಾಬ್ಲೆಟ್ಟನ್ನು ನನ್ನ ಮುಂದೆ ಹಿಡಿದು, "ಅಜ್ಜಾ, ಇದು ಹ್ಯಾಂಗ ಆಗೇದ ನೋಡ್ರಿ" ಎಂದಳು. ನಮ್ಮ ಕೋಟೆಯೊಳಗಿನ ಕಮಲ ಬಸದಿಯ ಭುವನೇಶ್ವರಿಯಲ್ಲಿ ತಲೆಕೆಳಗಾಗಿ ಅರಳಿರುವ ಆ ಕಲ್ಲಿನ ಕಮಲವು ಅಲ್ಲಿ ಹೊಂಬಣ್ಣದಲ್ಲಿ ಮೂಡಿತ್ತು. ನಾನು ಮನಸಾರೆ ಮೆಚ್ಚಿದೆ. ಎಷ್ಟು ದಿನ ಹಿಡಿಯಿತೆಂದು ಕೇಳಿದೆ. "ಅರ್ಧಾ ನಿಮಿಷ" ಎಂದಳು. ಒಂದು ವಾಕ್ಯವನ್ನು ಬರೆದು ಕೊಟ್ಟರೆ ಚಿತ್ರವನ್ನು ಬರೆದುಕೊಡುವ ಯಂತ್ರವೊಂದು ಈಗ ಬಂದಿದೆಯಂತೆ. ಕನ್ನಡಕ ಹಾಕಿಕೊಂಡು ದಳಗಳನ್ನು ಎಣಿಸಿದೆ. ಬಸದಿಯ ಕಮಲಕ್ಕೆ 72 ದಳಗಳು. ಭೂತ ಭವಿಷ್ಯತ್ ವರ್ತಮಾನಗಳ 24 ತೀರ್ಥಂಕರರ ಮೂರು ಚೌವೀಸಿಗಳ ಲೆಕ್ಕವದು. ಯಂತ್ರದ ಕಮಲದಲ್ಲಿ ಐವತ್ತರ ಮೇಲೆ ಎಣಿಕೆಯೇ ತಪ್ಪಿಹೋಯಿತು. ಒಂದು ದಳವು ಇನ್ನೊಂದರೊಳಗೆ ಕರಗಿ ಎಲ್ಲಿಯೂ ಮುಗಿಯದೆ ಹೋಗಿತ್ತು. ನನಗೆ ಸಿಟ್ಟು ಬಂದಿತು. "ಇದು ಕಳವು, ತಂಗೀ" ಎಂದೆ. ಅವಳು ಸಿಟ್ಟಾಗಲಿಲ್ಲ. "ಯಾರ ಮನ್ಯಾಗಿಂದು, ಅಜ್ಜಾ?" ಎಂದು ಕೇಳಿದಳು.

ನಲವತ್ತು ವರುಷ ಮಕ್ಕಳಿಗೆ ಪಾಠ ಹೇಳಿದವನಿಗೆ ಆ ಹೊತ್ತು ಉತ್ತರವು ಹೊಳೆಯಲಿಲ್ಲ. ಈ ಲೇಖನವು ಆ ಪ್ರಶ್ನೆಯ ಬೆನ್ನು ಹತ್ತಿ ಹೋದುದರ ಫಲ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಈ ಹೊಸ ಉಪಕರಣಗಳನ್ನು ಒಟ್ಟಾಗಿ ನಿಂದಿಸುವ ಅಧಿಕಾರವು ನನಗಿಲ್ಲ. ಅವುಗಳ ಉಪಕಾರವನ್ನು ನಾನೇ ಉಂಡಿದ್ದೇನೆ. ಈ ಬಸದಿಯನ್ನು ಸವದತ್ತಿಯ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಅವನ ಅಧಿಕಾರಿ ಬೀಚಿರಾಜನು ಕಟ್ಟಿಸಿದನೆಂದು ಸಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಆ ಕಾಲದ ಬೆಳಗಾವಿಯ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿರುವುದನ್ನೂ, ಬಾರ್ನೆಟ್ ಎಂಬ ವಿದ್ವಾಂಸರು ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿರುವುದನ್ನೂ ಕೇಳಿ ಬಲ್ಲೆನೇ ಹೊರತು ಕಂಡವನಲ್ಲ. ಆ ಸಂಪುಟವನ್ನು ನಾನು ಮೊದಲು ತೆರೆದದ್ದು ನಿವೃತ್ತನಾದ ಮೇಲೆ, ಇದೇ ಮೊಮ್ಮಗಳ ಟ್ಯಾಬ್ಲೆಟ್ಟಿನ ಮೇಲೆ. ಅಂದು ರಾತ್ರಿ ನಿದ್ರೆ ಬರಲಿಲ್ಲ. ನಮ್ಮೂರಿನ ಕಲ್ಲಿನ ಮಾತು ಎಂಟು ನೂರು ವರುಷಗಳ ತರುವಾಯ ಅಂತರ್ಜಾಲದ ದಾರಿಯಿಂದ ಮನೆಗೆ ಮರಳಿ ಬಂದಂತಾಗಿ, ಬಹುದಿನ ಬಿಟ್ಟಿದ್ದ ಲೇಖನಿಯನ್ನು ಹಿಡಿದೆನು. ಇದು ಸ್ಫೂರ್ತಿಯಲ್ಲವೆಂದು ಹೇಗೆ ಹೇಳಲಿ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮು 2017ರಲ್ಲಿ ಮೂರುಮುಕ್ಕಾಲು ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಬ್ಲೆಂಡರ್ ಎಂಬ, ಕಾಸಿಲ್ಲದೆ ದೊರೆಯುವ ಉಪಕರಣದಿಂದ ಲಾಟ್ವಿಯಾ ಎಂಬ ಚಿಕ್ಕ ದೇಶದ ಕೆಲವರು ಮಾಡಿದ 'ಫ್ಲೋ' ಎಂಬ ಮಾತಿಲ್ಲದ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಪಾರಿತೋಷಕವು ಬಂದಿತು. ಬೆಳಗಾವಿಯ ಹುಡುಗಿಯೊಬ್ಬಳು ಇದನ್ನು ಕೇಳಿ ತಾನೂ ಮಾಡಬಲ್ಲೆನೆಂದುಕೊಂಡರೆ ಅದು ಹುಚ್ಚಲ್ಲ.

ಹಾಗಾದರೆ ದೋಷವು ಎಲ್ಲಿ? ಕಾವ್ಯಪ್ರಕಾಶವನ್ನು ಓದಿದವರು ಬಲ್ಲರು: ಮಮ್ಮಟನು ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಅವು ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ತೋರಿಸಲು ಹೇತು ಶಬ್ದವನ್ನು ಏಕವಚನದಲ್ಲಿ ಇಟ್ಟನು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಈ ಏಕವಚನದ ಮೇಲೆ ಎರಡು ದಿನ ಪಾಠ ಹೇಳಿದರು. ಆಗ ನಮಗೆ ಅದು ವೈಯಾಕರಣರ ಚಪಲವೆಂದು ತೋರಿತ್ತು. ಈಗ ಅರ್ಥವಾಗುತ್ತದೆ. ಲೋಕವನ್ನೂ ಶಾಸ್ತ್ರವನ್ನೂ ಹಿಂದಿನವರ ಕೃತಿಗಳನ್ನೂ ನೋಡಿ ಬರತಕ್ಕ ನಿಪುಣತೆಗೆ ಅಂತರ್ಜಾಲವು ಕೊಡುವಷ್ಟು ಆಹಾರವನ್ನು ಯಾವ ಅರಸನ ಭಂಡಾರವೂ ಕೊಟ್ಟಿರಲಾರದು. ಆದರೆ ನಿಪುಣತೆಯೊಂದೇ ಬೆಟ್ಟದಷ್ಟು ಬೆಳೆದು ಅಭ್ಯಾಸವು ಇದ್ದಲ್ಲಿಯೇ ಉಳಿದರೆ ಆ ಏಕವಚನವು ಮುರಿಯುತ್ತದೆ. ಬೆಳಗಾವಿಯಲ್ಲಿ 1935ರಲ್ಲಿ ಹುಟ್ಟಿ, ಇಲ್ಲಿಯೇ ಕೆ. ಬಿ. ಕುಲಕರ್ಣಿಯವರ ಹತ್ತಿರ ಕಲಿತು, ದೇಶಾಂತರಗಳಲ್ಲಿ ಹೆಸರಾದ ಚಿತ್ರಕಾರ ರವಿ ಪರಾಂಜಪೆಯವರು ತಮ್ಮ ಆತ್ಮಕಥೆಗೆ 'ಬ್ರಶ್ ಮೈಲೇಜ್' ಎಂದು ಹೆಸರಿಟ್ಟರು. ಕುಂಚವು ನಡೆದ ದಾರಿಯ ಮೈಲುಗಳು! ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪರ್ಯಾಯಪದವು ನನಗೆ ಯಾವ ಕೋಶದಲ್ಲಿಯೂ ಸಿಕ್ಕಿಲ್ಲ. ಉಪಕರಣವು ಹೊಸದಾದ ಮಾತ್ರಕ್ಕೆ ಮೈಲುಗಳು ತಪ್ಪುವುದಿಲ್ಲ. ಆಂಗ್ಲ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ ಐಪ್ಯಾಡಿನ ಮೇಲೆ ಬೆರಳಿನಿಂದ ಚಿತ್ರ ಬರೆಯತೊಡಗಿದಾಗ ಆ ಬೆರಳಿನ ಹಿಂದೆ ಅರ್ಧ ಶತಮಾನದ ರೇಖೆಗಳಿದ್ದವು.

ಇರಲಿ, ಮೊಮ್ಮಗಳು ಕೇಳಿದ್ದು ಶ್ರಮದ ಪ್ರಶ್ನೆಯನ್ನಲ್ಲ, ಕಳವಿನ ಪ್ರಶ್ನೆಯನ್ನು. ನಮ್ಮ ಹಿರಿಯರು ಅದನ್ನೂ ಬಿಟ್ಟಿಲ್ಲ. ಒಬ್ಬರ ಕೃತಿಯು ಇನ್ನೊಬ್ಬರದನ್ನು ಹೋಲುವ ಬಗೆಗಳನ್ನು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಮೂರಾಗಿ ವಿಂಗಡಿಸಿದನು: ಕನ್ನಡಿಯ ಪ್ರತಿಬಿಂಬದಂತೆ, ಬರೆದ ಚಿತ್ರದಂತೆ, ಇಬ್ಬರು ಮನುಷ್ಯರ ಮೈಕಟ್ಟು ಹೋಲುವಂತೆ. ಮೊದಲನೆಯದಕ್ಕೆ ಸ್ವಂತ ಆತ್ಮವೇ ಇಲ್ಲ, ಎರಡನೆಯದಕ್ಕೆ ಇರುವುದು ಕ್ಷುದ್ರವಾದ ಆತ್ಮ, ಇವೆರಡೂ ತ್ಯಾಜ್ಯ. ಮೂರನೆಯದು ಮಾತ್ರ ತ್ಯಾಜ್ಯವಲ್ಲ. ಮೈ ಹೋಲಿದರೂ ಪ್ರಾಣವು ಬೇರೆಯಲ್ಲವೇ? ಮುಂದೆ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಈ ಹರಣಕ್ಕೇ ಅಧ್ಯಾಯಗಳನ್ನು ಮೀಸಲಿಟ್ಟನು. ಕವಿಗಳಲ್ಲಿ ಉತ್ಪಾದಕ, ಪರಿವರ್ತಕ, ಆಚ್ಛಾದಕ, ಸಂವರ್ಗಕರೆಂಬ ಭೇದಗಳನ್ನು ಹೇಳುವ ಈತನು ಕಳ್ಳತನ ಮಾಡದ ಕವಿಯೇ ಇಲ್ಲವೆನ್ನುವಷ್ಟು ನಿಷ್ಠುರನು. ಅವನ ಪತ್ನಿ ಅವಂತಿಸುಂದರಿಯ ಮತವನ್ನೂ ಅಲ್ಲಿ ಉದಾಹರಿಸಿದ್ದಾನೆ. ಕವಿಯು ಯಾವ ಯಾವ ನೆಪಗಳಿಂದ ಪರರದನ್ನು ತೆಗೆದುಕೊಳ್ಳಬಹುದೆಂದು ಆಕೆ ಪಟ್ಟಿ ಮಾಡಿದ್ದಾಳೆ: ಅವನು ಅಪ್ರಸಿದ್ಧ, ನಾನು ಪ್ರಸಿದ್ಧ, ಅದರ ಕರ್ತೃ ಎಲ್ಲಿಯೋ ಪರದೇಶದಲ್ಲಿರುವನು, ಮೂಲವೇ ಅಳಿದುಹೋಗಿದೆ, ಇತ್ಯಾದಿ. ಆಕೆ ಇದನ್ನು ನಿಜವಾದ ಅನುಜ್ಞೆಯೆಂದು ಹೇಳಿದಳೋ ನಗುತ್ತ ಹೇಳಿದಳೋ ನನಗೆ ಯಾವಾಗಲೂ ಸಂಶಯ. ಹೇಗಾದರೂ ಆಗಲಿ, ಅಂತರ್ಜಾಲದಿಂದ ಚಿತ್ರವನ್ನೆತ್ತಿ ತನ್ನ ಹೆಸರಿನಿಂದ ಹಚ್ಚುವವನು ಇಂದು ಹೇಳುವ ನೆಪಗಳು ಅಕ್ಷರಶಃ ಇವೇ ಆಗಿವೆ.

ನಾನೇನು ಸಾಧುವಲ್ಲ. ಇಪ್ಪತ್ತೆರಡರ ಹರೆಯದಲ್ಲಿ ನಮ್ಮ ಕೈಬರಹದ ಪತ್ರಿಕೆಯಲ್ಲಿ ಸಂಜೆಯ ದೀಪವನ್ನು ಕುರಿತು ಒಂದು ಪದ್ಯವನ್ನು ಬರೆದಿದ್ದೆನು. ಗೆಳೆಯರು ಹೊಗಳಿದರು. ಗುರುಗಳು ಓದಿ, ಎಲೆಯಡಿಕೆ ಹಾಕಿಕೊಳ್ಳುತ್ತ, "ಛಲೋ ಆಗೇದ. ಮೂಲದಾಗಿನ ಎರಡನೇ ಪಾದ ಯಾಕ ಬಿಟ್ಟಿ?" ಎಂದಷ್ಟೇ ಕೇಳಿದರು. ಒಂದು ಸುಭಾಷಿತ ಸಂಗ್ರಹದ ಮುಕ್ತಕವದು. ಯಾರೂ ಓದಿರಲಾರರೆಂದು ನಂಬಿದ್ದೆ. ಆ ನಾಚಿಕೆಯು ಇಂದಿಗೂ ಆರಿಲ್ಲ. ಆದರೆ ಗಮನಿಸಬೇಕಾದುದು ಇದು: ನಾನು ಯಾರ ಮನೆಯನ್ನು ಹೊಕ್ಕಿದ್ದೆನೆಂಬುದು ನನಗೆ ಗೊತ್ತಿತ್ತು, ಗುರುಗಳಿಗೂ ಗೊತ್ತಿತ್ತು. ಆದುದರಿಂದಲೇ ನಾಚಿಕೆಯು ಸಾಧ್ಯವಾಯಿತು.

ತೆಗೆದುಕೊಂಡದ್ದು ತನ್ನದಾಗುವ ಬಗೆಯನ್ನು ನಾನು ಪುಸ್ತಕದಲ್ಲಿ ಅಲ್ಲ, ಖಾನಾಪುರದಲ್ಲಿ ಕಂಡೆನು. ಅಲ್ಲಿಯ ಜೇಡಿಮಣ್ಣು ಹೆಸರಾದದ್ದು; ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯು ಆ ಊರಿನಲ್ಲಿಯೇ ಇರುವುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ತಿಗರಿ ನಡೆಸುತ್ತಾನೆ. ಹೋದ ವರುಷ ಅವನಲ್ಲಿಗೆ ಹೋದಾಗ ಮೊಬೈಲನ್ನು ಗೋಡೆಗೆ ಆನಿಸಿಟ್ಟು ಜಪಾನದ ಕುಂಬಾರನೊಬ್ಬನ ವಿಡಿಯೋವನ್ನು ನೋಡುತ್ತಿದ್ದನು. ಆ ಬಟ್ಟಲಿನ ಅಂಚು ಎಲೆಯಷ್ಟು ತೆಳುವು. "ಹಂಗಽ ಮಾಡಬೇಕಂತ ನಾಕು ತಿಂಗಳ ಬಡದಾಡೀನ್ರಿ ಮಾಸ್ತರ್ರ. ಒಣಗೂದ್ರಾಗ ಸೀಳತಿದ್ದೂರಿ" ಎಂದನು. ಕಾರಣವು ಸ್ಪಷ್ಟ. ಅತಿ ಜಿಗುಟಾದ ಮಣ್ಣು ಒಣಗುವಾಗ ಬಹಳ ಕುಗ್ಗುತ್ತದೆ, ಕುಗ್ಗಿದರೆ ಬಿರಿಯುತ್ತದೆ. ಅದೂ ಅಲ್ಲದೆ ಆ ಬಗೆಯ ಗಟ್ಟಿ ಪಾತ್ರೆಗೆ 1200 ಡಿಗ್ರಿಯ ಮೇಲಿನ ಕಾವು ಬೇಕು. ನಮ್ಮ ಆವಿಗೆಯ ಕಾವು ಸಾಮಾನ್ಯವಾಗಿ 1000ದ ಒಳಗೇ ನಿಲ್ಲುವುದು. ಅವನು ಒಡೆದ ಗಡಿಗೆಗಳನ್ನು ಕುಟ್ಟಿ ಪುಡಿ ಮಾಡಿ ಮಣ್ಣಿನಲ್ಲಿ ಬೆರೆಸಿದನು; ಕುಗ್ಗುವುದು ಕಡಿಮೆಯಾಯಿತು, ಆದರೆ ಅಂಚು ದಪ್ಪವಾಯಿತು; ದಪ್ಪವಾದುದರಿಂದ ಬಟ್ಟಲಿನ ಹೊಟ್ಟೆಯನ್ನು ಬೇರೆ ರೀತಿಯಲ್ಲಿ ತಿರುವಬೇಕಾಯಿತು. ಕೊನೆಗೆ ಬಂದ ಪಾತ್ರೆಯು ಜಪಾನದ್ದೂ ಅಲ್ಲ, ಅವನ ತಂದೆ ಮಾಡುತ್ತಿದ್ದದ್ದೂ ಅಲ್ಲ. ಎತ್ತಿ ನೋಡಿದರೆ ಕೈಗೆ ಹಿತವಾಗಿತ್ತು. "ಅವರ ಮಣ್ಣ ಬ್ಯಾರೆ, ನಮ್ಮ ಮಣ್ಣ ಬ್ಯಾರೆ ಅಲ್ಲೇನ್ರಿ" ಎಂದನು. ಆನಂದವರ್ಧನನ ಮೂರನೆಯ ಬಗೆಯು ಇದೇ ಅಲ್ಲವೇ? ಮಣ್ಣು ಮಾತು ಕೇಳಲಿಲ್ಲ. ಅದು ಕೇಳದೆ ಹೋದಲ್ಲಿಯೇ ಅವನ ಸ್ವಂತದ್ದು ಹುಟ್ಟಿತು. ಯಾರಿಂದ ಕಲಿತೆಯೆಂದು ಕೇಳಿದವರಿಗೆಲ್ಲ ಅವನು ಆ ವಿಡಿಯೋವನ್ನು ತೆಗೆದು ತೋರಿಸುತ್ತಾನೆ. ಅದರಿಂದ ಅವನ ವ್ಯಾಪಾರವೇನೂ ಕುಂದಿಲ್ಲ.

ಮೊಮ್ಮಗಳ ಯಂತ್ರದ ತೊಡಕು ಇದರ ಎದುರಿಗೆ ನಿಲ್ಲಿಸಿದಾಗ ತಿಳಿಯುತ್ತದೆ. ಅದರೊಳಗೆ ಏನೂ ಎದುರಾಡುವುದಿಲ್ಲ. ಅರ್ಧ ನಿಮಿಷದಲ್ಲಿ ಹೌದೆನ್ನುತ್ತದೆ. ಇನ್ನು ಸಾಲ ಕೊಟ್ಟವರು? 2022ರಲ್ಲಿ ಹೊರಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಯಂತ್ರಕ್ಕೆ ಕಲಿಸಿದ ಚಿತ್ರಗಳನ್ನು ಅಂತರ್ಜಾಲದಿಂದ ಕೂಡಿಸಿದ 500 ಕೋಟಿಗೂ ಮಿಕ್ಕ ಚಿತ್ರಗಳ ಪಟ್ಟಿಯಿಂದ ಆಯ್ದುಕೊಂಡಿದ್ದರು. ಬರೆದವರನ್ನು ಕೇಳಿ ಕೂಡಿಸಿದ ಪಟ್ಟಿಯಲ್ಲವದು. ಕಮಲವೊಂದನ್ನು ಅದು ಬರೆದಾಗ ಯಾರ ರೇಖೆಯು ಎಷ್ಟು ಬಂದಿತೆಂದು ಬರೆಸಿದವಳೂ ಹೇಳಲಾರಳು, ಯಂತ್ರವೂ ಹೇಳಲಾರದು. ಅಮೇರಿಕದ ಕಾಪಿರೈಟ್ ಕಚೇರಿಯು 2023ರ ಫೆಬ್ರುವರಿಯಲ್ಲಿ ಒಂದು ಚಿತ್ರಕಥೆಯ ವಿಷಯದಲ್ಲಿ ತೀರ್ಪು ಕೊಡುತ್ತ, ಲೇಖಕಿಯು ಬರೆದ ಮಾತುಗಳೂ ಚಿತ್ರಗಳನ್ನು ಜೋಡಿಸಿದ ಕ್ರಮವೂ ಆಕೆಯವು, ಯಂತ್ರವು ಬರೆದ ಚಿತ್ರಗಳು ಮಾತ್ರ ಆಕೆಯವಲ್ಲ ಎಂದಿತು. ಯಾರವೆಂದು ಅದೂ ಹೇಳಲಿಲ್ಲ. ಕಳ್ಳನಿಗೇ ಮನೆಯ ಗುರುತಿಲ್ಲದ ಕಳವು ಇದು. ಅವಂತಿಸುಂದರಿಯ ಪಟ್ಟಿಯಲ್ಲಿಯೂ ಇಂಥ ನೆಪವು ದೊರೆಯದು. ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಕದಂಬರ ರಾಣಿ ಕಮಲಾದೇವಿಯು 1174ರ ಸುಮಾರಿಗೆ ಕಟ್ಟಿಸಿದ ಕಮಲನಾರಾಯಣ ಗುಡಿಯೊಂದಿಗೆ ತಿಪ್ಪೋಜನೆಂಬ ಶಿಲ್ಪಿಯ ಹೆಸರು ಇಂದಿಗೂ ಉಳಿದು ಬಂದಿರುವುದನ್ನು ನೆನೆದರೆ, ಹೆಸರೆಂಬುದು ಬರಿಯ ಅಹಂಕಾರವಲ್ಲ, ಲೆಕ್ಕದ ಪುಸ್ತಕವೆಂದು ತೋರುತ್ತದೆ.

ಇಷ್ಟನ್ನು ಮೊಮ್ಮಗಳಿಗೆ ಹೇಳಿದೆನು. ಪೂರ್ತಿ ಕೇಳಿದಳೆಂದು ಹೇಳಲಾರೆ. ಆದರೆ ಮಳೆ ಬಿಟ್ಟ ಒಂದು ಆದಿತ್ಯವಾರ ಇಬ್ಬರೂ ಕೋಟೆಗೆ ಹೋದೆವು. ಅವಳು ಕಾಗದದ ಮೇಲೆ ಕಮಲವನ್ನು ಬರೆಯುವಳೆಂದು ನಾನು ಪೆನ್ಸಿಲ್ಲನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿದ್ದೆ. ಅವಳು ಅದನ್ನು ಮುಟ್ಟಲಿಲ್ಲ. ಮೊಬೈಲನ್ನು ಮೇಲ್ಮುಖವಾಗಿ ಹಿಡಿದು ಕಮಲದ ಕೆಳಗೆ ಮೆಲ್ಲನೆ ಸುತ್ತು ಬಂದಳು. ಮನೆಗೆ ಬಂದು ಆ ವಿಡಿಯೋವನ್ನು ನಿಧಾನವಾಗಿ ಓಡಿಸಿದಾಗ, ನೆರಳು ಸರಿದಂತೆ ದಳಗಳು ಒಂದರ ಹಿಂದೊಂದು ಬಿಚ್ಚುತ್ತ ಹೋದವು. "ಅಜ್ಜಾ, ಇದು ನಿಂತು ನೋಡೂದಲ್ಲ, ಸುತ್ತಿ ನೋಡೂದು" ಎಂದಳು. ನಲವತ್ತು ವರುಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕುತ್ತಿಗೆ ನೋಯುವ ತನಕ ಒಂದೇ ಕಡೆ ನಿಲ್ಲಿಸಿ ತೋರಿಸಿದವನು ನಾನು! ಶಿಲ್ಪಿಯ ಅಭಿಪ್ರಾಯವು ಅದೇ ಆಗಿತ್ತೋ ಇಲ್ಲವೋ, ಆ ನೋಟವಂತೂ ಯಾರ ಮನೆಯಿಂದಲೂ ತಂದದ್ದಲ್ಲ.

ಈಗ ಅವಳು ಬ್ಲೆಂಡರಿನಲ್ಲಿ ಆ ಕಮಲವನ್ನು ದಳದಳವಾಗಿ ಕಟ್ಟುತ್ತಿದ್ದಾಳೆ. ಮೂರು ತಿಂಗಳಾದವು, 72ರಲ್ಲಿ 40 ಮುಗಿದಿವೆ. ಒಂದು ನಿಮಿಷದ ಚಿತ್ರವಂತೆ. ಕೊನೆಯಲ್ಲಿ ತೋರಿಸಲು ಹೆಸರುಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟಿದ್ದಾಳೆ: ಬೀಚಿರಾಜ, ಬಾರ್ನೆಟ್, ದಳವನ್ನು ಬಾಗಿಸುವ ಬಗೆಯನ್ನು ಯೂಟ್ಯೂಬಿನಲ್ಲಿ ಕಲಿಸಿದ ಪರದೇಶದ ಇಬ್ಬರು, ನನ್ನದೊಂದು. ಕಮಲದ ಹಿಂದೆ ಬರುವ ಮೋಡದ ಆಕಾಶವನ್ನು ಮಾತ್ರ ಆ ವಾಕ್ಯದ ಯಂತ್ರದಿಂದಲೇ ಬರೆಸಿಕೊಂಡಿದ್ದಾಳೆ. ಅದನ್ನು ಬಿಡಲು ಅವಳಿಗೆ ಮನಸ್ಸಿಲ್ಲ. ಮೊನ್ನೆ ರಾತ್ರಿ ಪಟ್ಟಿಯನ್ನು ತಂದು, "ಅಜ್ಜಾ, ಆಕಾಶಕ್ಕ ಯಾರ ಹೆಸರ ಹಾಕಲಿ?" ಎಂದಳು. ಯಂತ್ರದ ಹೆಸರನ್ನು ಹಾಕೆಂದೆನು. "ಅದು ಯಾರ ಕಡಿಂದ ತಗೊಂಡದ, ಅವರದು?" ಎಂದಳು. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.