ಹುಟ್ಟುಗುಣ ಸುಟ್ಟರೂ ಹೋಗದೇ?



‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಓದಿನಲ್ಲಿ ಜಾಣನಾದರೂ ಮುಂಗೋಪಿಯಾದ ಮಗನ ಭವಿಷ್ಯವನ್ನು ಆ ಒಂದೇ ಮಾತಿನಲ್ಲಿ ಬರೆದು ಮುಗಿಸುತ್ತೇವೆ. ರಬಕವಿ-ಬನಹಟ್ಟಿಯ ಚಹಾದಂಗಡಿಯಲ್ಲಿ ಕ್ರಿಕೆಟ್ಟಿನ ಮಾತು ಬಂದರೂ ಇದೇ ತೀರ್ಪು. ವಿರಾಟ್ ಕೊಹ್ಲಿಯ ಆಟವನ್ನು ಮೆಚ್ಚದವರು ವಿರಳ. ಅವರ ಸಿಟ್ಟಿನ ವಿಷಯದಲ್ಲಿ ಮಾತ್ರ ಎರಡು ಪಂಗಡ. ‘ಆ ಕಿಚ್ಚಿಲ್ಲದಿದ್ದರೆ ಆ ಆಟವೆಲ್ಲಿ?’ ಎನ್ನುತ್ತಾರೆ ಒಬ್ಬರು. ‘ಎಷ್ಟು ಆಡಿದರೇನು, ನಡತೆ ಬೇಡವೇ?’ ಎನ್ನುತ್ತಾರೆ ಇನ್ನೊಬ್ಬರು.

ನಡೆದದ್ದನ್ನು ಸ್ವಲ್ಪ ನೆನೆಯೋಣ. 2012ರ ಜನವರಿಯಲ್ಲಿ ಸಿಡ್ನಿ ಮೈದಾನದಲ್ಲಿ ಪ್ರೇಕ್ಷಕರತ್ತ ಅಸಭ್ಯವಾಗಿ ಬೆರಳು ತೋರಿಸಿದ್ದಕ್ಕೆ 23 ವರ್ಷದ ಕೊಹ್ಲಿಗೆ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಬಿತ್ತು. ಅದೇ ತಿಂಗಳು ಅಡಿಲೇಡಿನಲ್ಲಿ ಅವರು ತಮ್ಮ ಮೊದಲ ಟೆಸ್ಟ್ ಶತಕ ಬಾರಿಸಿದರು. ಏಳು ವರ್ಷಗಳ ನಂತರ, 2019ರ ವಿಶ್ವಕಪ್ಪಿನಲ್ಲಿ, ಚೆಂಡು ವಿರೂಪಗೊಳಿಸಿದ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಮರಳಿದ್ದ ಸ್ಟೀವ್ ಸ್ಮಿತ್‌ರನ್ನು ನಮ್ಮವರೇ ಹೀಯಾಳಿಸುತ್ತಿದ್ದಾಗ, ‘ಚಪ್ಪಾಳೆ ತಟ್ಟಿರಿ’ ಎಂದು ಜನರಿಗೆ ಸನ್ನೆ ಮಾಡಿದವರೂ ಇದೇ ಕೊಹ್ಲಿ. ಅಂದು ಜನಸಮೂಹದ ಮೇಲೆ ರೇಗಿದವರು ಇಂದು ಎದುರಾಳಿಗಾಗಿ ಜನಸಮೂಹವನ್ನೇ ತಿದ್ದಿದರು. ಗುಣ ಬದಲಾಗದೆಂದು ಹೇಳುವವರು ಈ ಘಟನೆಯನ್ನು ಮರೆಯಬಾರದು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2023ರ ಮೇ 1ರಂದು ಲಖನೌದಲ್ಲಿ ಗೌತಮ್ ಗಂಭೀರ್ ಅವರೊಡನೆ ಜಗಳವಾಗಿ ಇಬ್ಬರಿಗೂ ಪಂದ್ಯದ ಪೂರ್ತಿ ಸಂಭಾವನೆ ದಂಡವಾಯಿತು. 2024ರ ಡಿಸೆಂಬರಿನಲ್ಲಿ ಮೆಲ್ಬರ್ನಿನಲ್ಲಿ 19 ವರ್ಷದ ಹುಡುಗ ಸ್ಯಾಮ್ ಕೊನ್‌ಸ್ಟಾಸ್‌ನಿಗೆ ಭುಜ ತಾಗಿಸಿದ್ದಕ್ಕೆ ಮತ್ತೆ ದಂಡ. ಸ್ವಭಾವ ತಿದ್ದುವ ದಾರಿ ನೇರವಾದುದಲ್ಲ. ಎರಡು ಹೆಜ್ಜೆ ಮುಂದೆ ಹೋದವನು ಒಂದು ಹೆಜ್ಜೆ ಜಾರಬಹುದು.

ಸಿಟ್ಟಿನಿಂದ ಜೀವಕ್ಕೇ ಅಪಾಯವಿರುವ ಆಟಗಳೂ ಇವೆ. ಅಮೆರಿಕದ ಸ್ಟಾಕ್ ಕಾರ್ ರೇಸಿನ ಪ್ರತಿಭಾವಂತ ಚಾಲಕ ಕೈಲ್ ಬುಷ್, 2011ರ ನವೆಂಬರಿನಲ್ಲಿ ಟೆಕ್ಸಾಸಿನ ಟ್ರಕ್ ಓಟವೊಂದರಲ್ಲಿ, ಎಲ್ಲರೂ ನಿಧಾನಿಸಬೇಕೆಂಬ ಸೂಚನೆ ಇದ್ದಾಗಲೇ, ಸಿಟ್ಟಿನಿಂದ ರಾನ್ ಹಾರ್ನಡೇ ಎಂಬ ಚಾಲಕನ ಗಾಡಿಯನ್ನು ಗೋಡೆಗೆ ನೂಕಿದರು. ಆ ವಾರಾಂತ್ಯದ ಉಳಿದ ಓಟಗಳಿಂದ ಅವರನ್ನು ಹೊರಗಿಟ್ಟರು. 50,000 ಡಾಲರ್ ದಂಡವನ್ನೂ ಹಾಕಿದರು. ಅದೇ ಬುಷ್ 2015ರ ಆರಂಭದಲ್ಲಿ ಅಪಘಾತದಲ್ಲಿ ಕಾಲು ಮುರಿದುಕೊಂಡು, 11 ಓಟಗಳನ್ನು ಕಳೆದುಕೊಂಡರೂ ತಾಳ್ಮೆಯಿಂದ ಮರಳಿ, ಆ ವರ್ಷದ ಚಾಂಪಿಯನ್ ಆದರು.

ಇಲ್ಲಿ ನಾವು ಗಮನಿಸಬೇಕಾದ ನ್ಯಾಯವೊಂದಿದೆ. ಕೃತ್ಯ ಎಷ್ಟು ಕೆಟ್ಟದ್ದೋ ಶಿಕ್ಷೆಯೂ ಅಷ್ಟು. ಪ್ರತಿಭಾವಂತನೆಂದು ಬಿಟ್ಟುಬಿಡಲಿಲ್ಲ, ಮುಂಗೋಪಿಯೆಂದು ಬದುಕಿಡೀ ಬಾಗಿಲು ಮುಚ್ಚಲೂ ಇಲ್ಲ.

ನಮ್ಮ ಮನೆಗಳಲ್ಲಿ ಹೀಗಿದೆಯೇ? ಗಳಿಸಿ ತರುವವನ ಸಿಟ್ಟನ್ನು ‘ಅವನ ಸ್ವಭಾವವೇ ಹಾಗೆ’ ಎಂದು ಸಹಿಸುತ್ತೇವೆ. ಅದರ ಬೆಲೆಯನ್ನು ಹೆಂಡತಿ ಮಕ್ಕಳು ಮೌನವಾಗಿ ತೆರುತ್ತಾರೆ. ಪರೀಕ್ಷೆಯಲ್ಲಿ ಸೋತ ಹುಡುಗನ ಅದೇ ಸಿಟ್ಟಿಗೆ ‘ಇವನು ಉದ್ಧಾರವಾಗುವವನಲ್ಲ’ ಎಂದು ತೀರ್ಪು ಕೊಡುತ್ತೇವೆ. ಗೆದ್ದವನಲ್ಲಿ ಕಿಚ್ಚು ಎನಿಸಿದ್ದು ಸೋತವನಲ್ಲಿ ಸೊಕ್ಕು ಎನಿಸುತ್ತದೆ! ಮೊದಲನೆಯವನಿಗೆ ತಿದ್ದಿಕೊಳ್ಳುವ ಅಗತ್ಯವನ್ನು, ಎರಡನೆಯವನಿಗೆ ತಿದ್ದಿಕೊಳ್ಳುವ ಅವಕಾಶವನ್ನು ನಾವು ನಿರಾಕರಿಸುತ್ತಿದ್ದೇವೆ.

ಮಗ್ಗದ ಊರಿನವರಾದ ನಮಗೆ ಇದನ್ನು ಬೇರೆಯವರು ಕಲಿಸಬೇಕಿಲ್ಲ. ಹಾಸು ಸಡಿಲವಾದರೆ ಬಟ್ಟೆ ಸರಿಬಾರದು. ಅತಿಯಾಗಿ ಬಿಗಿದರೆ ಎಳೆ ಹರಿಯುತ್ತದೆ. ಎಳೆ ಹರಿದಾಗ ನೇಕಾರ ಕಾಣದವನಂತೆ ಮಗ್ಗ ಓಡಿಸುವುದಿಲ್ಲ. ನೇಯ್ದ ಸೀರೆಯನ್ನು ಬಿಸಾಡುವುದೂ ಇಲ್ಲ. ಮಗ್ಗ ನಿಲ್ಲಿಸುತ್ತಾನೆ, ಎಳೆ ಹುಡುಕಿ ಗಂಟು ಹಾಕುತ್ತಾನೆ, ಮತ್ತೆ ನೇಯುತ್ತಾನೆ.

ತಂದೆತಾಯಿಗಳೇ, ಮಗ ಸಿಟ್ಟಿನಲ್ಲಿ ತಟ್ಟೆ ಎಸೆದಾಗ ಆ ತಟ್ಟೆಯನ್ನು ಅವನಿಂದಲೇ ಎತ್ತಿಸಿರಿ, ನೊಂದವರ ಕ್ಷಮೆ ಕೇಳಿಸಿರಿ. ಆದರೆ ಅವನ ನಾಳೆಯನ್ನು ನೀವೇ ಬರೆದುಬಿಡಬೇಡಿ. ನಿಮ್ಮ ಮನೆಯಲ್ಲಿ ಯಾರ ಮೇಲೆ ಇಂಥ ತೀರ್ಪು ಈಗಾಗಲೇ ಬಿದ್ದಿದೆ? ಈ ರಾತ್ರಿ ಊಟಕ್ಕೆ ಕುಳಿತಾಗ ಅವರ ಮುಖವನ್ನೊಮ್ಮೆ ನೋಡಿರಿ.